ಸಲಿಕೆ ಹಿಡಿದ ಪವಿತ್ರ ಯೋಧೆ: ರೂಢಿಗೆ ಹೊರತಾದ ಪ್ಯಾಲಡಿನ್ ಆಡುವ ಬಗೆ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ, ದಾಳ ಉರುಳಿಸಿ ಪಾತ್ರಗಳನ್ನು ಆಡುತ್ತ ಕಥೆ ಕಟ್ಟುವ ಆಟದ ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬರು ‘ಈ ಸಲ ನನ್ನದು ಪ್ಯಾಲಡಿನ್’ (ಪ್ರತಿಜ್ಞೆಗೆ ಕಟ್ಟುಬಿದ್ದ ಪವಿತ್ರ ಯೋಧ) ಎಂದ ಕೂಡಲೇ, ಕಳ್ಳನ ಪಾತ್ರ ಬರೆದುಕೊಂಡು ಬಂದವರ ಮುಖ ಸಪ್ಪಗಾಗುವುದನ್ನು ಅನೇಕರು ಕಂಡಿರುತ್ತಾರೆ. ಇನ್ನು ಯಾರ ಜೇಬಿಗೂ ಕೈಹಾಕುವಂತಿಲ್ಲ, ಸೆರೆಸಿಕ್ಕವನನ್ನು ಹೆದರಿಸುವಂತಿಲ್ಲ, ತಿರುವಿಗೊಂದು ಉಪದೇಶ ಕೇಳಬೇಕು ಎಂಬ ಅವರ ಆತಂಕ ಸುಳ್ಳೂ ಅಲ್ಲ. ಹೊಳೆಯುವ ಕವಚ, ಬಿಳಿ ಕುದುರೆ, ಎತ್ತಿದ ಗದ್ದ: ಪವಿತ್ರ ಯೋಧನ ಈ ಚಿತ್ರ ಅಷ್ಟು ಗಟ್ಟಿಯಾಗಿ ಬೇರೂರಿದೆ. ಅದರಿಂದ ತಪ್ಪಿಸಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಆ ಚಿತ್ರವನ್ನು ತಲೆಕೆಳಗು ಮಾಡುತ್ತಾರೆ: ಕುಡುಕ ಪ್ಯಾಲಡಿನ್, ಸುಳ್ಳುಗಾರ ಪ್ಯಾಲಡಿನ್, ದುಡ್ಡಿಗೆ ಬಾಯಿ ಬಿಡುವ ಪ್ಯಾಲಡಿನ್. ನಾನೂ ಅಂಥ ಒಬ್ಬನನ್ನು ಆಡಿದ್ದೆ. ಮೊದಲ ಸಂಜೆ ಎಲ್ಲರೂ ನಕ್ಕರು, ಎರಡನೆಯ ಸಂಜೆ ಒಬ್ಬಿಬ್ಬರು ನಕ್ಕರು, ಮೂರನೆಯ ಸಂಜೆಯ ಹೊತ್ತಿಗೆ ಆ ಪಾತ್ರದ ಬಾಯಲ್ಲಿ ಹೇಳಿಸಲು ನನ್ನ ಬಳಿಯೇ ಏನೂ ಉಳಿದಿರಲಿಲ್ಲ. ಪ್ರತಿಜ್ಞೆಯನ್ನು ತೆಗೆದುಹಾಕಿದರೆ ಉಳಿಯುವುದು ಕವಚ ತೊಟ್ಟ ಒಬ್ಬ ಮಾಮೂಲಿ ಕತ್ತಿವರಸೆಯವನು ಮಾತ್ರ. ಅವನಲ್ಲಿ ವಿಚಿತ್ರವೇನೂ ಇಲ್ಲ.

ಆದ್ದರಿಂದ ನನ್ನ ಸಲಹೆ ಇದಕ್ಕೆ ವಿರುದ್ಧವಾದದ್ದು. ಪ್ರತಿಜ್ಞೆಯನ್ನು ಮುರಿಯುವ ಯೋಧನನ್ನು ಬಿಟ್ಟು, ಯಾರೂ ನಿರೀಕ್ಷಿಸದ ಪ್ರತಿಜ್ಞೆಯೊಂದನ್ನು ಅಕ್ಷರಶಃ ಪಾಲಿಸುವ ಯೋಧನನ್ನು ಆಡಿ.

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ ನಿಯಮಗಳೂ ಇತ್ತೀಚೆಗೆ ಇದಕ್ಕೇ ಅನುಕೂಲವಾಗಿವೆ. 1975ರಲ್ಲಿ ಪೂರಕ ನಿಯಮಗಳ ಮೂಲಕ ಈ ವರ್ಗ, ಅಂದರೆ ಪಾತ್ರದ ಬಗೆ, ಆಟಕ್ಕೆ ಬಂದಾಗ ಪ್ಯಾಲಡಿನ್ ಆಗಲು ವ್ಯಕ್ತಿತ್ವದ ಸೆಳೆತವನ್ನು ಅಳೆಯುವ ಕರಿಸ್ಮಾ ಅಂಕ ಕನಿಷ್ಠ 17 ಇರಬೇಕಿತ್ತು. 1978ರ ನಿಯಮಗಳಲ್ಲಿ ಅವನು ಮನುಷ್ಯನೇ ಆಗಿರಬೇಕಿತ್ತು, ಅವನ ಅಲೈನ್‌ಮೆಂಟ್, ಅಂದರೆ ನೈತಿಕ ಒಲವು, ‘ಲಾಫುಲ್ ಗುಡ್’ (ನಿಯಮಬದ್ಧ, ಒಳ್ಳೆಯ) ಆಗಿಯೇ ಇರಬೇಕಿತ್ತು, ಆದಾಯದ ಹತ್ತನೆಯ ಒಂದು ಭಾಗವನ್ನು ದಾನ ಮಾಡಬೇಕಿತ್ತು, ಮತ್ತು ತಿಳಿದೂ ತಿಳಿದೂ ಒಂದು ದುಷ್ಟ ಕೃತ್ಯ ಎಸಗಿದರೆ ಮರಳಿ ಪಡೆಯಲಾಗದಂತೆ ಆ ಪದವಿಯನ್ನೇ ಕಳೆದುಕೊಳ್ಳುತ್ತಿದ್ದ. 2008ರ ನಾಲ್ಕನೆಯ ಆವೃತ್ತಿ ಆ ಅಲೈನ್‌ಮೆಂಟ್ ಬೇಲಿಯನ್ನು ತೆಗೆಯಿತು. 2014ರ ಐದನೆಯ ಆವೃತ್ತಿ ಮೂರನೆಯ ಲೆವೆಲ್‌ನಲ್ಲಿ ಸ್ವೀಕರಿಸುವ ಪ್ರತಿಜ್ಞೆಯನ್ನೇ ಪಾತ್ರದ ನಡುಗಂಬ ಮಾಡಿತು. ಅಂದರೆ ‘ಒಳ್ಳೆಯವನಾಗಿರು’ ಎಂಬ ಹರಕು ಆಜ್ಞೆಯ ಜಾಗದಲ್ಲಿ ‘ಹೇಳಿದ ಮಾತನ್ನು ಉಳಿಸಿಕೊ’ ಎಂಬ ಖಚಿತವಾದ ಆಜ್ಞೆ ಬಂದಿದೆ. ಹಳೆಯ ಚಿತ್ರಕ್ಕೆ ಜೋತುಬಿದ್ದಿರುವವರು ಆಟಗಾರರೇ ಹೊರತು ನಿಯಮಪುಸ್ತಕವಲ್ಲ.

ಹಾಗಾದರೆ ಎಂಥ ಪ್ರತಿಜ್ಞೆ? ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ನನ್ನ ಎರಡನೆಯ ಪ್ಯಾಲಡಿನ್ ಹೆಣ ಹೂಳುವ ಕಸುಬಿನ ನಡುವಯಸ್ಸಿನ ಹೆಂಗಸು. ಅವಳ ಪ್ರತಿಜ್ಞೆ ಒಂದೇ ವಾಕ್ಯದ್ದು: ‘ನನ್ನ ಕಣ್ಣೆದುರು ಸತ್ತ ಯಾರನ್ನೂ ಹೆಸರಿಲ್ಲದೆ ಮಣ್ಣಿಗೆ ಹಾಕುವುದಿಲ್ಲ.’ ಸಂಖ್ಯೆಗಳ ಮಟ್ಟದಲ್ಲಿ ಹೊಸದೇನನ್ನೂ ಕಟ್ಟಬೇಕಾಗಲಿಲ್ಲ. ಉದ್ದ ಹಿಡಿಯ ಸಲಿಕೆಗೆ ಗ್ಲೇವ್ ಎಂಬ ಆಯುಧದ ಅಂಕಿಗಳನ್ನೇ ಕೊಟ್ಟೆವು: ಹತ್ತು ಮುಖದ ಒಂದು ದಾಳದ ಪೆಟ್ಟು, ಹತ್ತಡಿ ದೂರದ ಚಾಚು. 60 ಅಡಿಯೊಳಗಿನ ಪ್ರೇತಜೀವಿಗಳನ್ನು ಗುರುತಿಸುವ ‘ಡಿವೈನ್ ಸೆನ್ಸ್’ ಅವಳ ಮಟ್ಟಿಗೆ ಕಸುಬಿನಿಂದ ಬಂದ ಮೂಗು. ತಿರುವಿದ ಮಣ್ಣಿನ ವಾಸನೆ ಅವಳಿಗೆ ತಿಳಿಯುತ್ತದೆ. ಹೊಡೆತಕ್ಕೆ ದೈವಬಲ ಕೂಡಿಸುವ ‘ಡಿವೈನ್ ಸ್ಮೈಟ್’ ಪ್ರೇತಜೀವಿಗಳ ಮೇಲೆ ಎಂಟು ಮುಖದ ಇನ್ನೊಂದು ದಾಳವನ್ನು ಹೆಚ್ಚಿಗೆ ಕೊಡುವುದಂತೂ ಸಲಿಕೆಗೆ ಹೇಳಿಮಾಡಿಸಿದ ಹಾಗಿತ್ತು. ಪುಸ್ತಕದಲ್ಲಿರುವ ‘ಡಿವೋಷನ್’ ಪ್ರತಿಜ್ಞೆಯ ಶಕ್ತಿಗಳನ್ನು ಹಾಗೆಯೇ ಉಳಿಸಿಕೊಂಡು, ಅದರ ಆಚಾರಸೂತ್ರಗಳನ್ನು ಮಾತ್ರ ಆಟ ನಡೆಸುವ ಡಂಜನ್ ಮಾಸ್ಟರ್ ಒಪ್ಪಿಗೆ ಪಡೆದು ತಿದ್ದಿದೆವು.

ಅವಳ ವಿಚಿತ್ರ ನಿಜವಾಗಿ ಬೆಳಕಿಗೆ ಬಂದದ್ದು ಮೊದಲ ಕಾಳಗದ ನಂತರ. ಗಾಬ್ಲಿನ್ ಎಂಬ ಕುಳ್ಳ ಜೀವಿಗಳು ಮೂರು ಸತ್ತಿದ್ದವು, ಒಂದು ಸೆರೆ ಸಿಕ್ಕಿತ್ತು. ತಂಡದವರು ಗುಹೆಯ ದಾರಿ ಕೇಳಲು ಸಜ್ಜಾಗುತ್ತಿದ್ದಾಗ ಅವಳು ಹೆಣಗಳನ್ನು ಸಾಲಾಗಿ ಮಲಗಿಸಿ, ಟಿಪ್ಪಣಿ ಪುಸ್ತಕ ತೆರೆದು, ಸೆರೆಯಾಳಿನ ಎದುರು ಕುಕ್ಕರಗಾಲಲ್ಲಿ ಕೂತು, ‘ಇವರ ಹೆಸರು ಹೇಳು’ ಎಂದಳು. ಡಂಜನ್ ಮಾಸ್ಟರ್ ಒಂದು ಕ್ಷಣ ತಡವರಿಸಿದರು, ಏಕೆಂದರೆ ಆ ಗಾಬ್ಲಿನ್‌ಗಳಿಗೆ ಹೆಸರೇ ಇರಲಿಲ್ಲ. ಆಮೇಲೆ ಎರಡು ಹೆಸರು ಹೇಳಿ, ಮೂರನೆಯವನನ್ನು ತೋರಿಸಿ ಸೆರೆಯಾಳಿನ ದನಿಯಲ್ಲಿ, ‘ಅವನು ನಮ್ಮವನಲ್ಲ, ನಿನ್ನೆ ಯಾರೋ ಕಳಿಸಿದರು’ ಎಂದರು. ಮುಂದಿನ ನಾಲ್ಕು ಸೆಷನ್‌ಗಳ ಕಥೆ ಹುಟ್ಟಿದ್ದು ಆ ಒಂದು ಉತ್ತರದಿಂದ. ಯಾರಿಗೂ ಉಪದೇಶ ಮಾಡಲಿಲ್ಲ, ಯಾರ ಕೈಯನ್ನೂ ಹಿಡಿಯಲಿಲ್ಲ. ಆದರೂ ಆ ಸಂಜೆ ಮೇಜಿನ ಮೇಲೆ ಒಬ್ಬ ಪವಿತ್ರ ಯೋಧೆ ಇದ್ದಾಳೆಂಬುದು ಎಲ್ಲರಿಗೂ ತಿಳಿಯಿತು.

ಈ ಉದಾಹರಣೆಯಿಂದ ಪ್ರತಿಜ್ಞೆ ಬರೆಯುವ ಕ್ರಮವನ್ನು ಹೆಕ್ಕಿ ತೆಗೆಯಬಹುದು. ಅದು ಕಣ್ಣಿಗೆ ಕಾಣುವ ಕೆಲಸವಾಗಿರಬೇಕು; ‘ಸತ್ಯದ ಪರ ನಿಲ್ಲುತ್ತೇನೆ’ ಎಂಬಂಥ ಮಾತು ಪಾತ್ರದ ಹಾಳೆಯಲ್ಲಿ ಪುರಾಣದ ಬದನೆಕಾಯಿಯಾಗಿ ಉಳಿಯುತ್ತದೆ. ಪಾಲಿಸಿದಾಗ ಸಮಯವನ್ನೋ ಹಣವನ್ನೋ ಸುರಕ್ಷತೆಯನ್ನೋ ಸ್ವಲ್ಪವಾದರೂ ಕಳೆದುಕೊಳ್ಳುವಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅದರ ಕರ್ತೃ ‘ನಾನು’ ಆಗಿರಬೇಕು. ‘ನಾನು ಕದಿಯುವುದಿಲ್ಲ’ ಎಂಬುದಕ್ಕೂ ‘ನನ್ನೆದುರು ಯಾರೂ ಕದಿಯಕೂಡದು’ ಎಂಬುದಕ್ಕೂ ಇರುವ ಅಂತರ ಬಹಳ ದೊಡ್ಡದು. ಪ್ಯಾಲಡಿನ್‌ನಿಂದಾಗಿ ಹಾಳಾದ ಆಟಗಳನ್ನು ನೆನೆಸಿಕೊಂಡರೆ, ನಾನು ಕಂಡಷ್ಟರಲ್ಲಿ ಎಲ್ಲ ಜಗಳಗಳೂ ಎರಡನೆಯ ಬಗೆಯ ವಾಕ್ಯದಿಂದಲೇ ಹುಟ್ಟಿದವು. ಮೊದಲನೆಯದನ್ನು ಬರೆದುಕೊಂಡವರು ಕಳ್ಳನ ಜೊತೆ ಒಂದೇ ಡೇರೆಯಲ್ಲಿ ಮಲಗಬಲ್ಲರು. ಅವನು ತಂದ ಪಾಲನ್ನು ಪ್ರತಿ ಸಲ ಬೇಡವೆನ್ನುವುದರಲ್ಲೇ ಒಂದು ಸ್ವಾರಸ್ಯವಿದೆ.

ಸಿದ್ಧ ಪ್ರತಿಜ್ಞೆಗಳಲ್ಲೂ ಯಾರೂ ಮುಟ್ಟದ ಮೂಲೆಗಳಿವೆ. ‘ಕರಾಳ’ ಪ್ಯಾಲಡಿನ್ ಬೇಕೆನ್ನುವವರು ನೇರವಾಗಿ ‘ವೆಂಜನ್ಸ್’ ಎಂಬ ಸೇಡಿನ ಪ್ರತಿಜ್ಞೆಗೆ ಹೋಗಿ, ಯಾವ ದಾರಿಯಾದರೂ ಸರಿ ಎಂಬ ಅದರ ಸೂತ್ರವನ್ನು ಚಿತ್ರಹಿಂಸೆಯ ಪರವಾನಗಿಯಂತೆ ಬಳಸುತ್ತಾರೆ. ಅದೇ ಪ್ರತಿಜ್ಞೆಯ ಕೊನೆಯ ಸೂತ್ರವನ್ನು ಓದಿದವರು ಕಡಿಮೆ: ವೈರಿ ಹಾಳುಗೆಡವಿದವರಿಗೆ ನೆರವಾಗಬೇಕು, ಏಕೆಂದರೆ ಅವನನ್ನು ಸಕಾಲಕ್ಕೆ ತಡೆಯಲಾಗದ ತಪ್ಪು ನಿನ್ನದು ಎಂಬುದು ಅದರ ತಾತ್ಪರ್ಯ. ಸೇಡಿನ ಯೋಧನನ್ನು ಈ ತುದಿಯಿಂದ ಹಿಡಿದು ಆಡಿ ನೋಡಿ. ಅವನು ಸುಟ್ಟ ಹಳ್ಳಿಗೆ ತಡವಾಗಿ ತಲುಪುತ್ತಾನೆ, ಬಹುಮಾನದ ಚಿನ್ನವನ್ನು ಮಾಡು ಹೊದಿಸಲು ಕೊಡುತ್ತಾನೆ, ಬದುಕುಳಿದವರ ಕಣ್ಣು ತಪ್ಪಿಸುತ್ತಾನೆ. ಅವನ ಕೋಪಕ್ಕೆ ಆಗ ಒಂದು ತೂಕ ಬರುತ್ತದೆ.

ವರ್ಗಕ್ಕೆ ಸಿಗುವ ಶಕ್ತಿಗಳನ್ನು ಸ್ವಭಾವದ ಜೊತೆ ಹೆಣೆಯುವುದು ಇನ್ನೊಂದು ದಾರಿ. ಅಂಜುಬುರುಕ ಪ್ಯಾಲಡಿನ್ ಒಬ್ಬನನ್ನು ಊಹಿಸಿಕೊಳ್ಳಿ. ಅವನ ಪ್ರತಿಜ್ಞೆ ‘ಯಾರನ್ನೂ ಹಿಂದೆ ಬಿಟ್ಟು ಓಡುವುದಿಲ್ಲ’ ಎಂದಿರಲಿ. ಓಡುವುದಿಲ್ಲ ಎಂದು ಅವನು ಎಲ್ಲೂ ಹೇಳಿಲ್ಲ ಎಂಬುದನ್ನು ಗಮನಿಸಿ. ಆರನೆಯ ಲೆವೆಲ್‌ನಲ್ಲಿ ಹತ್ತಡಿಯೊಳಗಿನ ಗೆಳೆಯರ ಸೇವಿಂಗ್ ಥ್ರೋಗಳಿಗೆ, ಅಂದರೆ ಅಪಾಯದಿಂದ ಪಾರಾಗಲು ಉರುಳಿಸುವ ದಾಳಗಳಿಗೆ, ಅವನ ಕರಿಸ್ಮಾದಿಂದ ಬರುವ ಹೆಚ್ಚುವರಿ ಅಂಕ (ಮಾಡಿಫೈಯರ್) ಕೂಡುವ ಪ್ರಭಾವಲಯ ಸಿಗುತ್ತದೆ. ‘ದಯವಿಟ್ಟು ನನ್ನ ಹತ್ತಿರವೇ ನಿಲ್ಲಿ’ ಎಂದು ಅವನು ನಡುಗುತ್ತ ಬೇಡಿಕೊಳ್ಳುವುದು ಭಯದಿಂದಲೇ ಆದರೂ, ಹಾಗೆ ನಿಂತವರು ಬದುಕುತ್ತಾರೆ. ಹತ್ತನೆಯ ಲೆವೆಲ್‌ನಲ್ಲಿ ದೊರೆಯುವ ಧೈರ್ಯದ ಪ್ರಭಾವಲಯ ಅವನನ್ನು ಹೆದರಿಸಲಾಗದಂತೆ ಮಾಡುತ್ತದೆ. ಹುಟ್ಟಿನಿಂದ ಜೊತೆಗಿದ್ದ ಅಂಜಿಕೆ ಒಂದು ಬೆಳಗ್ಗೆ ಇಲ್ಲವಾದಾಗ ಅಂಥವನು ಏನಾಗುತ್ತಾನೆ ಎಂಬುದನ್ನು ಆಡಿ ತೋರಿಸಲು ಒಂದಿಡೀ ಸೆಷನ್ ಸಾಲದು.

ಇದಕ್ಕೆ ಹೋಲಿಸಿದರೆ ಅಂಕಿಗಳಲ್ಲಷ್ಟೇ ವಿಚಿತ್ರವಾಗಿರುವುದು ಸುಲಭದ ಕೆಲಸ. ಭಾರದ ಕವಚ ಬಿಟ್ಟು ಡೆಕ್ಸ್ಟೆರಿಟಿ ಎಂಬ ಚುರುಕಿನ ಅಂಕವನ್ನು ನಂಬಿ ರೇಪಿಯರ್ ಎಂಬ ಸಪೂರ ಕತ್ತಿ ಹಿಡಿದ ಹಾಫ್ಲಿಂಗ್ (ಕುಳ್ಳ ಜನಾಂಗದವನು) ಚೆನ್ನಾಗಿಯೇ ಕಾದಬಲ್ಲ. 2014ರ ನಿಯಮಗಳ ಪ್ರಕಾರ ಐದನೆಯ ಲೆವೆಲ್‌ನಲ್ಲಿ ವಾಹನವನ್ನು ಕರೆಯುವ ಮಂತ್ರ ಕೈಗೆ ಬಂದಾಗ ಕುದುರೆಯ ಬದಲು ಮ್ಯಾಸ್ಟಿಫ್ ನಾಯಿಯನ್ನೇ ಕರೆದು ಅದರ ಮೇಲೆ ಸವಾರಿ ಹೋಗಬಹುದು. ಬಿಲ್ಲುಗಾರ ಪ್ಯಾಲಡಿನ್ ಮಾತ್ರ ನಷ್ಟದ ಬಾಬತ್ತು, ಏಕೆಂದರೆ ಸ್ಮೈಟ್ ಕೈಯಳತೆಯ ಹೊಡೆತಕ್ಕೆ ಮಾತ್ರ ಒದಗುತ್ತದೆ. ಇವೆಲ್ಲ ವೇಷದ ಮಾತು. ವೇಷದ ಒಳಗೆ ಪ್ರತಿಜ್ಞೆ ಇಲ್ಲದಿದ್ದರೆ ನಾಯಿಯೇ ಸವಾರನಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ.

ಆಟ ಶುರುವಾಗುವ ಮುನ್ನ ಡಂಜನ್ ಮಾಸ್ಟರ್ ಜೊತೆ ಎರಡು ಸಂಗತಿಗಳನ್ನು ಮಾತಾಡಿಕೊಳ್ಳುವುದು ಒಳ್ಳೆಯದು. ಮೊದಲನೆಯದು, ಪ್ರತಿಜ್ಞೆಗೆ ಧಕ್ಕೆ ತರುವ ಕೆಲಸಕ್ಕೆ ಪಾತ್ರ ಕೈಹಾಕಿದಾಗ ದಾಳ ಉರುಳುವ ಮೊದಲೇ ಅವರು ಎಚ್ಚರಿಸಬೇಕು; ಪಾತ್ರಕ್ಕೆ ತಿಳಿದಿರುವ ಸಂಗತಿ ಆಟಗಾರನ ಮರೆವಿನಿಂದ ಕಳೆದುಹೋಗಬಾರದು. ಎರಡನೆಯದು, ಯಾವ ಆಯ್ಕೆ ಮಾಡಿದರೂ ಪತನ ಖಚಿತವಾದ ಬೋನುಗಳನ್ನು ಅವರು ಹೂಡಬಾರದು. ಮಗುವನ್ನು ಉಳಿಸಿದರೆ ಊರು ಸುಡುತ್ತದೆ, ಊರನ್ನು ಉಳಿಸಿದರೆ ಮಗು ಸಾಯುತ್ತದೆ, ಎರಡರಲ್ಲೂ ನೀನು ಪಾಪಿ ಎಂಬ ಬಗೆಯ ಪರೀಕ್ಷೆ ಒಂದು ಸಲವೂ ನನಗೆ ಸ್ವಾರಸ್ಯವೆನಿಸಿಲ್ಲ. ದಾರಿ ಸ್ಪಷ್ಟವಾಗಿದ್ದು ನಡೆಯುವುದು ಕಷ್ಟವಾಗಿರುವ ಸನ್ನಿವೇಶಗಳನ್ನು ಕೇಳಿ ಪಡೆಯಿರಿ.

ಅಷ್ಟಾದರೂ ಪ್ರತಿಜ್ಞೆ ಎಲ್ಲೋ ಒಂದು ಕಡೆ ಮುರಿಯುತ್ತದೆ, ಮುರಿಯಲಿ. ಒಮ್ಮೆ ತಪ್ಪಿದ ಕೂಡಲೇ ಶಕ್ತಿಗಳೆಲ್ಲ ಆರಿಹೋಗಬೇಕಿಲ್ಲ. 2014ರ ಆವೃತ್ತಿಯಲ್ಲಿರುವ ‘ಓತ್‌ಬ್ರೇಕರ್’ (ಪ್ರತಿಜ್ಞೆ ಮುರಿದವ) ಪ್ರೇತಜೀವಿಗಳನ್ನು ಆಳುವ ದುಷ್ಟನಿಗೆಂದೇ ಇರುವ ದಾರಿ. ಕಾಲು ಜಾರಿದ ಸಾಮಾನ್ಯ ಪ್ಯಾಲಡಿನ್‌ಗೆ ಅದು ಸಲ್ಲದು. ಅಂಥವರಿಗೆ ಒಂದು ರಾತ್ರಿಯ ಜಾಗರಣೆ, ಉಪವಾಸ, ತನ್ನ ಮತದ ಪುರೋಹಿತರೆದುರು ತಪ್ಪೊಪ್ಪಿಗೆ ಮುಂತಾದ ಪ್ರಾಯಶ್ಚಿತ್ತಗಳನ್ನು ಪುಸ್ತಕವೇ ಸೂಚಿಸುತ್ತದೆ. ನಮ್ಮ ಸಲಿಕೆಯ ಯೋಧೆ ಒಮ್ಮೆ ತಂಡದ ಜೊತೆ ಓಡಿಹೋಗಬೇಕಾಗಿ ಬಂದು ಇಬ್ಬರು ಕಾವಲುಗಾರರ ಹೆಣಗಳನ್ನು ಹಾಗೇ ಬಿಟ್ಟುಬಂದಳು. ಟಿಪ್ಪಣಿ ಪುಸ್ತಕದಲ್ಲಿ ಎರಡು ಸಾಲು ಖಾಲಿ ಬಿಟ್ಟಳು. ಆ ಖಾಲಿ ಸಾಲುಗಳ ವಿಷಯ ಬೇರೆ ಆಟಗಾರರೇ ಆಗಾಗ ಎತ್ತುತ್ತಿದ್ದರು, ಮತ್ತು ಕೊನೆಗೆ ಹಿಂದಿರುಗಿ ಹೋಗೋಣವೆಂದು ಹೇಳಿದವನು ಕಳ್ಳನೇ.

ನಾಲ್ಕೈದು ಸೆಷನ್‌ಗಳಾದ ಮೇಲೆ ಪ್ರತಿಜ್ಞೆಯನ್ನು ಮತ್ತೆ ಓದಿ. ಅಷ್ಟರಲ್ಲಿ ಒಮ್ಮೆಯೂ ಅದು ನಿಮ್ಮನ್ನು ಇಕ್ಕಟ್ಟಿಗೆ ಸಿಲುಕಿಸಿಲ್ಲವಾದರೆ ಬಿಗಿ ಮಾಡಿ. ಪ್ರತಿ ದೃಶ್ಯದಲ್ಲೂ ಆಟವನ್ನೇ ತಡೆದು ನಿಲ್ಲಿಸುತ್ತಿದ್ದರೆ ಸಡಿಲಿಸಿ. ನಲವತ್ತು ಝಾಂಬಿಗಳ ಕಾಳಗದ ನಂತರ ನಾವೂ ಹಾಗೆ ಮಾಡಬೇಕಾಯಿತು. ಒಂದೊಂದೇ ಹೆಣದ ಹೆಸರು ಹುಡುಕಲು ಹೊರಟರೆ ಆ ಸಂಜೆಯಿಡೀ ಅದರಲ್ಲೇ ಮುಗಿಯುತ್ತಿತ್ತು. ಆದ್ದರಿಂದ ಕಾಳಗಕ್ಕೊಂದು ಹೆಸರನ್ನು ಮೇಜಿನಲ್ಲೇ ಕೇಳುವುದು, ಉಳಿದವನ್ನು ಅವಳು ರಾತ್ರಿ ಕಾವಲಿನ ಹೊತ್ತಿನಲ್ಲಿ ಬರೆದುಕೊಳ್ಳುತ್ತಾಳೆಂದು ಭಾವಿಸುವುದು ಎಂದು ಒಪ್ಪಿಕೊಂಡೆವು. ಯಾರ ಹೆಸರು ಕೇಳಬೇಕೆಂಬ ಆಯ್ಕೆಯನ್ನು ಪ್ರತಿ ಸಲ ಬೇರೊಬ್ಬ ಆಟಗಾರರಿಗೆ ಬಿಟ್ಟುಕೊಟ್ಟೆ.