ಬೀಗ ಹಾಕಿ ಹೊರಟ ಮೇಲೆ ಹಿಂದಿರುಗಿ ನೋಡುವವರಿಗೆ

ಕಾಸರಗೋಡಿನ ಬದಿಯಡ್ಕದ ಕಡೆಯ ನಮ್ಮ ಮನೆಯಿಂದ ಬಸ್ಸು ನಿಲ್ಲುವ ಕಟ್ಟೆಗೆ ಇಳಿಯಲು ಏಳು ನಿಮಿಷ ಬೇಕು. ಮರಳಿ ಹತ್ತಲು ಹತ್ತು ನಿಮಿಷ. ಈ ಲೆಕ್ಕ ನನಗೆ ಇಷ್ಟು ಖಚಿತವಾಗಿ ತಿಳಿದಿರುವುದಕ್ಕೆ ಕಾರಣವಿದೆ. ಪೆರ್ಲದಿಂದ ಬರುವ ಬಸ್ಸಿನ ಸದ್ದು ತಿರುವಿನಲ್ಲಿ ಕೇಳಿಸುತ್ತಿರುವಾಗಲೇ, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಸಂಶಯ ಹುಟ್ಟಿ, ಹಲವು ವರ್ಷಗಳ ಕಾಲ ವಾರಕ್ಕೆ ಎರಡು ಮೂರು ಸಲವಾದರೂ ಗುಡ್ಡವನ್ನು ಮತ್ತೆ ಹತ್ತಿದವನು ನಾನು. ಬೀಗ ಪ್ರತಿ ಸಲವೂ ಹಾಕಿಯೇ ಇರುತ್ತಿತ್ತು. ದಾರಿಯಲ್ಲಿ ನೆರೆಮನೆಯವರು ತೋಟದಿಂದ ತಲೆಯೆತ್ತಿ, "ಎಂತದು ಭಾವ, ಇವತ್ತೂ ಮರ್ತದ್ದಾ?" ಎಂದು ಕೇಳಿದರೆ, ಕೊಡೆಯೆಂದೋ ಕನ್ನಡಕವೆಂದೋ ಒಂದು ಸುಳ್ಳು ಹೇಳಿ ದಾಟಿಕೊಳ್ಳುತ್ತಿದ್ದೆ. ಇಂತಹ ಖಾಸಗಿ ಗೀಳುಗಳಲ್ಲಿ ಯಾವುದನ್ನು ಇದ್ದ ಹಾಗೆಯೇ ಬಿಡಬಹುದು, ಯಾವುದಕ್ಕೆ ಕಡಿವಾಣ ಹಾಕಬೇಕು, ಹಾಕುವುದು ಹೇಗೆ ಎಂಬುದನ್ನು ನನ್ನ ಮೇಲೆಯೇ ಪ್ರಯೋಗಿಸಿ ನೋಡಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ವಿಂಗಡಣೆ. ಸುಲಿದ ಅಡಿಕೆಯಲ್ಲಿ ಪಟೋರ, ಕೋಕ, ಕರಿಗೋಟು ಎಂದು ಬೇರೆ ಮಾಡುವಂತೆ ನಿಮ್ಮ ಅಭ್ಯಾಸಗಳನ್ನೂ ಬೇರೆ ಮಾಡಿಕೊಳ್ಳಬೇಕು. ಯಾರ ಸಮಯವನ್ನೂ ತಿನ್ನದ, ಯಾರ ಮನಸ್ಸನ್ನೂ ನೋಯಿಸದ ವಿಚಿತ್ರ ಅಭ್ಯಾಸಗಳೇ ಹೆಚ್ಚಿನವರಲ್ಲಿ ಹೆಚ್ಚು, ಮತ್ತು ಅವುಗಳನ್ನು ಮುಟ್ಟಲು ಹೋಗಬಾರದು. ನನ್ನದೇ ಒಂದನ್ನು ಹೇಳುವುದಾದರೆ, ಬಸ್ಸಿನಲ್ಲಿ ಕುಳಿತು ದಾರಿಯುದ್ದದ ಫಲಕಗಳನ್ನೆಲ್ಲ ಓದಿ ಮನಸ್ಸಿನಲ್ಲೇ ತಿದ್ದುವ ಚಾಳಿ ನನಗಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಊರುಗಳಿಗೆ ಎರಡೆರಡು ಉಚ್ಚಾರ. ಮಂಜೇಶ್ವರವು ಮಲಯಾಳದಲ್ಲಿ ಮಂಜೇಶ್ವರಂ, ಕುಂಬಳೆಯು ಕುಂಬಳ, ಮಧೂರು ಬರಿಯ ಮಧೂರ್. ಮಲಯಾಳದ ಫಲಕದಲ್ಲಿ ಮಧೂರ್ ಎಂದು ಕಂಡೊಡನೆ ನನ್ನ ನಾಲಗೆ ಬಾಯಿಯೊಳಗೇ ಒಂದು ಉಕಾರವನ್ನು ಸೇರಿಸಿಬಿಡುತ್ತದೆ. ಸೇರಿಸದೆ ಮುಂದೆ ಹೋದರೆ ಹಲ್ಲಿನ ಸಂದಿಯಲ್ಲಿ ಎಲೆಯಡಿಕೆಯ ನಾರು ಸಿಕ್ಕಿಕೊಂಡ ಹಾಗೆ ಆಗುತ್ತದೆ. ತುಳುವಿನಲ್ಲಿ ಮಾತನಾಡುತ್ತ, ಕನ್ನಡದಲ್ಲಿ ನೋಟು ಎಣಿಸಿ, ಮಲಯಾಳದಲ್ಲಿ ಚಿಲ್ಲರೆ ಕೇಳುವವರನ್ನು ಇಲ್ಲಿಯ ಯಾವ ಅಂಗಡಿಯಲ್ಲೂ ಕಾಣಬಹುದು. ಎಣಿಕೆಯ ವಿಷಯ ಬಂದಾಗ ಹೆಚ್ಚಿನವರ ಮನಸ್ಸು ಶಾಲೆಯಲ್ಲಿ ಮಗ್ಗಿ ಕಲಿತ ಭಾಷೆಗೇ ಮರಳುತ್ತದೆ. ಇವೆಲ್ಲ ತಿದ್ದುಪಡಿ ಬೇಕಾದ ದೋಷಗಳಲ್ಲ. ತಿದ್ದಲು ಹೊರಟರೆ ಅದೇ ಇನ್ನೊಂದು ಗೀಳಾದೀತು.

ಕಡಿವಾಣ ಬೇಕಾದುದು ಯಾವುದು ಎಂದು ತಿಳಿಯಲು ಒಂದು ವಾರ ಬರೆದಿಡಬೇಕು. ಇದಕ್ಕೆ ಹೊಸ ಪುಸ್ತಕವೇನೂ ಬೇಡ; ಅಡುಗೆ ಕೋಣೆಯ ಗೋಡೆಯಲ್ಲಿರುವ ಕ್ಯಾಲೆಂಡರಿನ ಚೌಕವೇ ಸಾಕು. ಪ್ರತಿ ಸಲ ಆ ಕೆಲಸ ನಡೆದಾಗ ಒಂದು ಗೀಟು ಎಳೆಯಿರಿ, ರಾತ್ರಿ ಮಲಗುವ ಮೊದಲು ಅದಕ್ಕೆ ಹಿಡಿದ ನಿಮಿಷಗಳನ್ನು ಅಂದಾಜಿನಲ್ಲಿ ಬರೆಯಿರಿ, ನಿಮ್ಮಿಂದಾಗಿ ಬೇರೆ ಯಾರಾದರೂ ಕಾಯಬೇಕಾಗಿ ಬಂದಿದ್ದರೆ ಆ ಗೀಟಿಗೆ ಸುತ್ತು ಹಾಕಿ. ನನ್ನ ಮೊದಲ ವಾರದ ಲೆಕ್ಕದಲ್ಲಿ 23 ಗೀಟುಗಳಿದ್ದವು: ಬೀಗಕ್ಕೆ 9, ಗ್ಯಾಸಿನ ರೆಗ್ಯುಲೇಟರಿಗೆ 8, ಪಂಪಿನ ಸ್ವಿಚ್ಚಿಗೆ 6. ಅವುಗಳಲ್ಲಿ ನಾಲ್ಕಕ್ಕೆ ಸುತ್ತು ಬಿದ್ದಿತ್ತು. ಗೀಟುಗಳನ್ನು ನೋಡಿ ನನಗೆ ವಿಶೇಷ ನಾಚಿಕೆಯೇನೂ ಆಗಲಿಲ್ಲ. ಆದರೆ ಮದುವೆಮನೆಗೆ ಹೊರಟವರೆಲ್ಲ ಅಂಗಳದಲ್ಲಿ ಜೀಪು ಹತ್ತಿ ಕುಳಿತು ನನ್ನ ದಾರಿ ಕಾದ ದಿನದ ಸುತ್ತನ್ನು ಕಂಡಾಗ ಇದನ್ನು ಹೀಗೇ ಬಿಡಬಾರದೆಂದು ಅನ್ನಿಸಿತು.

ಈ ಲೆಕ್ಕದಲ್ಲಿ ಪಂಪಿನದನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ, ಏಕೆಂದರೆ ಅದು ಪೂರ್ತಿ ಗೀಳಲ್ಲ. ತೋಟಕ್ಕೆ ನೀರು ಬಿಡುತ್ತಿರುವಾಗ ಕರೆಂಟು ಹೋದರೆ, ಸ್ವಿಚ್ಚು ಹಾಕಿಯೇ ಇದೆಯೆಂಬುದು ಮರೆತುಹೋಗುತ್ತದೆ. ನಾವು ಪೇಟೆಯಲ್ಲಿರುವಾಗ ಕರೆಂಟು ಬಂದು ಮೋಟಾರು ತಾನಾಗಿ ಓಡಿ, ಬಾವಿ ಬತ್ತಿದ ಮೇಲೂ ಓಡಿ, ವೈಂಡಿಂಗ್ ಸುಟ್ಟುಹೋದ ಕಥೆ ಪ್ರತಿ ಬೇಸಗೆಯಲ್ಲೂ ಒಂದೆರಡಾದರೂ ಕೇಳಿಬರುತ್ತದೆ. ನಿಜವಾದ ಕಾರಣವಿರುವ ಇಂತಹ ಚಿಂತೆಯನ್ನು ಮನಸ್ಸಿನ ಬಲದಿಂದ ಗೆಲ್ಲಲು ಹೋಗುವುದು ದಡ್ಡತನ. ಟೈಮರು ಮತ್ತು ನೀರಿಲ್ಲದಾಗ ಮೋಟಾರನ್ನು ನಿಲ್ಲಿಸುವ ಸಾಧನವಿರುವ ಸ್ಟಾರ್ಟರನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿದ ತಿಂಗಳಲ್ಲಿಯೇ ಆ ಆರು ಗೀಟುಗಳು ಸೊನ್ನೆಗೆ ಇಳಿದವು. ಯಂತ್ರಕ್ಕೆ ಒಪ್ಪಿಸಬಹುದಾದ ಚಿಂತೆಯನ್ನು ಯಂತ್ರಕ್ಕೇ ಒಪ್ಪಿಸಬೇಕು.

ಬೀಗ ಮತ್ತು ಗ್ಯಾಸಿನ ಸಂಗತಿ ಬೇರೆ. ಮತ್ತೆ ಮತ್ತೆ ನೋಡಿದರೆ ಖಾತ್ರಿ ಹೆಚ್ಚುತ್ತದೆಯೆಂದು ನಮ್ಮ ಅಂದಾಜು. ಆಗುವುದು ಅದರ ವಿರುದ್ಧ. ನೆದರ್ಲೆಂಡ್ಸಿನ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಂತರಾದ ಜನರಿಗೆ ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯೊಂದನ್ನು 20 ಸಲ ಹಚ್ಚಿ, ಆರಿಸಿ, ಪರೀಕ್ಷಿಸುವ ಕೆಲಸವನ್ನು ಕೊಟ್ಟಿದ್ದರು. ಕೊನೆಗೆ ಕೇಳಿದಾಗ ಅವರ ನೆನಪು ಸರಿಯಾಗಿಯೇ ಇತ್ತು, ಆದರೆ ಆ ನೆನಪು ಮಸುಕಾಗಿತ್ತು ಮತ್ತು ಅದರ ಮೇಲೆ ಅವರಿಗೇ ನಂಬಿಕೆ ಕಡಿಮೆಯಾಗಿತ್ತು. ಮುಂದೆ ಬೇರೆಯವರು ನಿಜವಾದ ಅಡುಗೆ ಒಲೆಯಲ್ಲಿ ಇದನ್ನು ಮಾಡಿ ನೋಡಿದಾಗಲೂ ಇದೇ ಕಂಡಿತು. ಇಪ್ಪತ್ತು ಸಲ ನೋಡಿದವನಿಗೆ ಇಪ್ಪತ್ತು ನೋಟಗಳೂ ಒಂದರೊಳಗೊಂದು ಬೆರೆತು, ಕೊನೆಯದು ಯಾವುದೆಂದೇ ತಿಳಿಯುವುದಿಲ್ಲ. ಇದನ್ನು ಓದಿದ ಮೇಲೆ ನಾನು ಗುಡ್ಡ ಹತ್ತಿದಷ್ಟೂ ನನ್ನ ಸಂಶಯ ಬಲಿಯುತ್ತಿದ್ದುದು ಏಕೆಂಬುದು ಅರ್ಥವಾಯಿತು.

ಆದ್ದರಿಂದ ಪರೀಕ್ಷೆಯನ್ನು ಒಂದೇ ಸಲ ಮಾಡಬೇಕು, ಆ ಒಂದು ಸಲವನ್ನು ಪೂರ್ತಿ ಎಚ್ಚರದಲ್ಲಿ ಮಾಡಬೇಕು. ರೈಲಿನ ಲೋಕೋ ಪೈಲಟ್ ಮತ್ತು ಅವರ ಸಹಾಯಕ ಸಿಗ್ನಲ್ ಕಂಡೊಡನೆ ಅದರ ಬಣ್ಣವನ್ನು ಕೈ ತೋರಿಸಿ ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಿಕೊಳ್ಳುವ ಕ್ರಮವಿದೆ. ಜಪಾನಿನ ರೈಲ್ವೆಯಲ್ಲಿ ಬೆರಳು ತೋರಿಸಿ ಹೇಳುವ ಇಂತಹ ಪದ್ಧತಿ ನೂರು ವರ್ಷಕ್ಕೂ ಹಿಂದಿನದು. ಕಣ್ಣು ನೋಡಿದ್ದನ್ನು ಕೈ ತೋರಿಸಿ, ಬಾಯಿ ಹೇಳಿ, ಕಿವಿ ಕೇಳಿದಾಗ ಆ ಕ್ಷಣ ಮನಸ್ಸಿನಲ್ಲಿ ಅಚ್ಚೊತ್ತುತ್ತದೆ. ನಾನು ಮಾಡುವುದು ಇಷ್ಟು: ಹೊರಡುವ ಮೊದಲು ಅಡುಗೆ ಕೋಣೆಯಲ್ಲಿ ರೆಗ್ಯುಲೇಟರನ್ನು ತಿರುಗಿಸಿ, ಒಲೆಯ ಕಡೆಗೆ ಕೈ ತೋರಿಸಿ, "ಗ್ಯಾಸು ಬಂದ್" ಎನ್ನುತ್ತೇನೆ. ಆಮೇಲೆ ಕೈಯಲ್ಲಿದ್ದ ಚೀಲವನ್ನು ಜಗಲಿಯಲ್ಲಿ ಕೆಳಗಿಡುತ್ತೇನೆ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮೊಬೈಲು ಹಿಡಿದು ಬೀಗ ಹಾಕಿದರೆ ನೆನಪು ಉಳಿಯದು. ಬೀಗವನ್ನು ಒತ್ತಿ ಸದ್ದು ಕೇಳಿ, ಒಮ್ಮೆ ಕೆಳಗೆ ಎಳೆದು, ಆ ದಿನಕ್ಕೆ ಮಾತ್ರ ಸೇರಿದ ಒಂದು ಮಾತನ್ನು ಕೂಡಿಸಿ ಹೇಳುತ್ತೇನೆ: "ಬುಧವಾರ, ಮಳೆ ಹನಿಯುತ್ತಿದೆ, ಬೀಗ ಬಿದ್ದಿದೆ." ನಿನ್ನೆಯ ಬೀಗಕ್ಕೂ ಇಂದಿನ ಬೀಗಕ್ಕೂ ವ್ಯತ್ಯಾಸ ತಿಳಿಯಲು ಆ ಮಳೆಹನಿಯೇ ಗುರುತು. ಆದರೆ ಒಂದು ಎಚ್ಚರಿಕೆ ಬೇಕು. ಈ ಮಾತನ್ನು ಮೂರು ಸಲ ಹೇಳದಿದ್ದರೆ ಸಮಾಧಾನವಿಲ್ಲವೆಂದು ಅನ್ನಿಸತೊಡಗಿದರೆ, ಮದ್ದೇ ರೋಗವಾಗುತ್ತಿದೆ ಎಂದು ತಿಳಿದು ಅದನ್ನೂ ನಿಲ್ಲಿಸಬೇಕು.

ಇಷ್ಟು ಮಾಡಿಯೂ ಕಟ್ಟೆ ಮುಟ್ಟಿದಾಗ ಸಂಶಯ ಬಂದೇ ಬರುತ್ತದೆ. ಆಗ ಮಾಡಬೇಕಾದುದು ಏನೂ ಇಲ್ಲ, ಕಷ್ಟವಿರುವುದೂ ಅಲ್ಲಿಯೇ. ಹಿಂದಿರುಗದೆ ಬಸ್ಸು ಹತ್ತಿದ ಮೊದಲ ದಿನ ಬದಿಯಡ್ಕ ಬರುವ ತನಕ ನನ್ನ ಅಂಗೈ ಬೆವರುತ್ತಿತ್ತು. ವಿದ್ಯಾನಗರ ದಾಟುವಾಗ ನೋಡಿದರೆ ನಾನು ಬೇರೇನನ್ನೋ ಯೋಚಿಸುತ್ತಿದ್ದೆ. ಆತಂಕ ಏರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ನಾವು ಏನೂ ಮಾಡದಿದ್ದರೆ ತಾನಾಗಿ ಇಳಿಯುತ್ತದೆ. ಬೀಗದ ಫೋಟೋ ತೆಗೆದಿಟ್ಟುಕೊಳ್ಳುವ ಉಪಾಯವನ್ನು ಹಲವರು ಹೇಳುತ್ತಾರೆ. ನಾನೂ ಹದಿನೈದು ದಿನ ತೆಗೆದೆ. ಬಸ್ಸಿನಲ್ಲಿ ಆ ಫೋಟೋವನ್ನೇ ನಾಲ್ಕು ಸಲ ನೋಡುವ ಹೊಸ ಚಾಳಿ ಅಂಟಿಕೊಂಡಿತೇ ಹೊರತು ಬೇರೆ ಪ್ರಯೋಜನ ಸಿಗಲಿಲ್ಲ. ಮನೆಯವರಲ್ಲಿ "ಹಾಕಿದ್ದೇನಲ್ಲ?" ಎಂದು ಕೇಳುವುದೂ ಇನ್ನೊಬ್ಬರ ಕಣ್ಣಿನಿಂದ ಮಾಡುವ ಪರೀಕ್ಷೆಯೇ. ಮನೆಯವರು ಒಂದು ಸಲ ಉತ್ತರ ಕೊಟ್ಟು, ಎರಡನೆಯ ಸಲ ಮಾತು ಬದಲಿಸಬೇಕೆಂದು ಮೊದಲೇ ಒಪ್ಪಂದ ಮಾಡಿಕೊಳ್ಳುವುದು ಒಳ್ಳೆಯದು. ಸಿಟ್ಟಿನ ಹೊತ್ತಿನಲ್ಲಿ ಈ ಒಪ್ಪಂದ ಸಾಧ್ಯವಿಲ್ಲ.

ಉಗುರು ಕಚ್ಚುವುದು, ಕೂದಲು ತಿರುಚುವುದು ಮೊದಲಾದ ಕೈಯ ಚಟಗಳಿಗೆ ಉಪಾಯ ಇದಕ್ಕಿಂತ ಸರಳ. ಅಮೆರಿಕದ ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ 1973ರಲ್ಲಿ ವಿವರಿಸಿದ ವಿಧಾನದಲ್ಲಿ, ಕೈ ಬಾಯಿಯ ಕಡೆಗೆ ಏಳುವುದನ್ನು ಮೊದಲು ಗಮನಿಸಲು ಕಲಿತು, ಆ ಕ್ಷಣದಲ್ಲಿ ಅದಕ್ಕೆ ವಿರುದ್ಧವಾದ ಕೆಲಸವನ್ನು ಕೆಲವು ನಿಮಿಷ ಮಾಡಬೇಕು. ಮುಷ್ಟಿ ಬಿಗಿಹಿಡಿಯುವುದು ಅಂತಹ ಒಂದು ಕೆಲಸ. ಬೆರಳಿಗೆ ಬೇವಿನೆಣ್ಣೆ ಹಚ್ಚುವ ಅಜ್ಜಿಯರ ಮದ್ದಿಗಿಂತ ಇದು ಮೇಲು, ಏಕೆಂದರೆ ನಾಲಗೆಯು ಕಹಿಗೂ ಒಗ್ಗಿಹೋಗುತ್ತದೆ.

ಕೂಡಿಡುವ ಚಾಳಿಗೆ ಗಡಿಯಾಗಬೇಕಾದುದು ಪಾತ್ರೆ. ನಮ್ಮ ಅಜ್ಜಿ ಹಾಲಿನ ತೊಟ್ಟೆಗಳನ್ನು ತೊಳೆದು ಬಟ್ಟೆಯ ಹಗ್ಗದಲ್ಲಿ ಸಾಲಾಗಿ ಒಣಹಾಕಿ, ಚೌಕವಾಗಿ ಮಡಚಿ ಇಡುತ್ತಿದ್ದರು, ಮನೆಮಂದಿಯೆಲ್ಲ ನಗುತ್ತಿದ್ದೆವು. ಈಗ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ಮನೆಮನೆಗೆ ಬಂದು ಪ್ಲಾಸ್ಟಿಕನ್ನು ತೊಳೆದು ಒಣಗಿಸಿಯೇ ಕೊಡಬೇಕು ಎನ್ನುವಾಗ, ಅಜ್ಜಿಯ ವಿಚಿತ್ರವೇ ಪಂಚಾಯತಿನ ಕ್ರಮವಾಗಿದೆಯಲ್ಲ ಎಂದುಕೊಳ್ಳುತ್ತೇನೆ. ನೂಲು, ರಬ್ಬರ್ ಬ್ಯಾಂಡು, ಖಾಲಿ ಬಾಟಲಿ ಯಾವುದೇ ಇರಲಿ, ಒಂದು ಡಬ್ಬಿಯನ್ನು ನಿಗದಿ ಮಾಡಿ. ಅದು ತುಂಬಿದ ಮೇಲೆ ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಲಿ. ಹಿರಿಯರ ಡಬ್ಬಿಯನ್ನು ಅವರಿಗೆ ತಿಳಿಯದಂತೆ ಖಾಲಿ ಮಾಡಬೇಡಿ. ಅವರು ಮರುದಿನವೇ ಎರಡರಷ್ಟು ಕೂಡಿಡುತ್ತಾರೆ.

ಎಷ್ಟು ದಿನ ಬೇಕು ಎಂಬ ಪ್ರಶ್ನೆಗೆ ಇಪ್ಪತ್ತೊಂದು ದಿನವೆಂಬ ಸಿದ್ಧ ಉತ್ತರ ಎಲ್ಲೆಡೆ ಓಡಾಡುತ್ತದೆ. ಅದನ್ನು ನಂಬಿದವರು ಇಪ್ಪತ್ತೆರಡನೆಯ ದಿನ ಸೋತೆವೆಂದು ಕೈಬಿಡುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಹಂತಕ್ಕೆ ಬರಲು ಸಾಮಾನ್ಯವಾಗಿ 66 ದಿನಗಳು ಹಿಡಿದಿದ್ದವು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗಿತ್ತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ನಷ್ಟವೇನೂ ಆಗಿರಲಿಲ್ಲ. ಅಂಗಳದಲ್ಲಿ ಹಾಕಿದ ಅಡಿಕೆ ಪೂರ್ತಿ ಒಣಗಿ ಚಾಲಿಯಾಗಲು ನಲವತ್ತು ದಿನ ಮೀರಿ ಬಿಸಿಲು ಬೇಕೆಂದು ತಿಳಿದಿರುವ ನಮಗೆ ಈ ಕಾಯುವಿಕೆ ಅಷ್ಟೇನೂ ಹೊಸತಲ್ಲ. ನನಗಂತೂ ಮೂರು ತಿಂಗಳು ಬೇಕಾಯಿತು, ಮತ್ತು ಪ್ರಯಾಣದ ಹಿಂದಿನ ರಾತ್ರಿ ನಿದ್ದೆಗೆಟ್ಟ ದಿನಗಳಲ್ಲಿ ಈಗಲೂ ಕಾಲು ಗುಡ್ಡದ ಕಡೆಗೇ ತಿರುಗುತ್ತದೆ.

ಇಲ್ಲಿ ಹೇಳಿದ ಉಪಾಯಗಳು ಚಾಳಿಯ ಮಟ್ಟದಲ್ಲಿರುವ ಗೀಳಿಗೆ ಮಾತ್ರ. ಬೇಡದ ಯೋಚನೆಗಳು ಮತ್ತು ಅವುಗಳಿಗಾಗಿ ಮಾಡುವ ಕೆಲಸಗಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸಮಯವನ್ನು ನುಂಗುತ್ತಿದ್ದರೆ, ಅಥವಾ ಕೈ ತೊಳೆದು ತೊಳೆದು ಚರ್ಮ ಒಡೆಯುತ್ತಿದ್ದರೆ, ಕೆಲಸಕ್ಕೆ ಹೋಗುವುದೇ ನಿಂತಿದ್ದರೆ, ಅದು ಗೀಳು ಮನೋರೋಗವಿರಬಹುದು. ಅದಕ್ಕೆ ಔಷಧಿಯೂ ಇದೆ, ಸಂಶಯವನ್ನು ಎದುರಿಸಿಯೂ ಪರೀಕ್ಷೆಗೆ ಹೋಗದಿರಲು ಹಂತ ಹಂತವಾಗಿ ಕಲಿಸುವ ವರ್ತನಾ ಚಿಕಿತ್ಸೆಯೂ ಇದೆ. ಅಂಥವರನ್ನು ನಕ್ಕು, ಗದರಿಸಿ, ಹರಕೆ ಹೇಳಿ ದಿನ ದೂಡಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಹಗಲು ರಾತ್ರಿಯೂ ಅದು ಲಭ್ಯ, ಮತ್ತು ಅಲ್ಲಿ ಕನ್ನಡದಲ್ಲಿಯೂ ಸೇವೆಯಿದೆ. ಮನಸ್ಸಿನ ಕಷ್ಟವನ್ನು ಮಲಯಾಳದಲ್ಲಿ ಹೇಳಲು ತಡವರಿಸುವ ನಮ್ಮ ಕಡೆಯ ಹಿರಿಯರಿಗೆ ಇದು ಸಣ್ಣ ವಿಷಯವಲ್ಲ. ಮನೋವೈದ್ಯರನ್ನು ಕಾಣಲು ಕಾಸರಗೋಡಿಗೋ ಮಂಗಳೂರಿಗೋ ಹೋಗುವುದಾದರೆ ಗೀಟು ಹಾಕಿದ ಕ್ಯಾಲೆಂಡರಿನ ಹಾಳೆಯನ್ನು ಹರಿದು ಜೇಬಿನಲ್ಲಿಟ್ಟುಕೊಳ್ಳಿ. ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಎಂದು ಅವರು ಕೇಳುವಾಗ ಅಂದಾಜಿನ ಉತ್ತರ ಹುಡುಕುವ ಬದಲು ಅದನ್ನೇ ಮೇಜಿನ ಮೇಲಿಡಬಹುದು.