ಕೊಳ್ಳಿದೆವ್ವದ ನಡುಕ: ಗೋಡೋ 4ರಲ್ಲಿ ನಾನು ಸರಿಮಾಡಿದ್ದು ಹೀಗೆ

ಆಟ ಕಟ್ಟುವ ಸಾಫ್ಟ್‌ವೇರ್ ಗೋಡೋದಲ್ಲಿ ಮಾಡಿದ್ದು, ನಾಲ್ಕು ಜನ ನೆಟ್‌ವರ್ಕಿನಲ್ಲಿ ಸೇರಿ ಕಾಡಿನಲ್ಲಿ ರಾತ್ರಿ ಕಳೆಯುವ ಆಟ. ಆಟ ನಡೆಸುವ ಹೋಸ್ಟ್ (ಅಂದರೆ ಸರ್ವರ್) ಪರದೆಯಲ್ಲಿ ಕೊಳ್ಳಿದೆವ್ವ ನೀಟಾಗಿ ತೇಲುತ್ತಿತ್ತು. ಜಾಯಿನ್ ಆದವರ (ಅಂದರೆ ಕ್ಲೈಂಟ್) ಕಡೆ ಮಾತ್ರ ಗಡಗಡ ನಡುಗುತ್ತಿತ್ತು. ಒಮ್ಮೊಮ್ಮೆ ಮರದ ಹಿಂದೆ ಹೋಗಿ ಫಟ್ಟನೆ ವಾಪಸ್ ಬರುತ್ತಿತ್ತು.

ದೆವ್ವದ ವೇಗ ಇಳಿಸಿದೆ, ಆಗಲಿಲ್ಲ. ಫಿಸಿಕ್ಸ್ ಟಿಕ್ (ಸೆಕೆಂಡಿಗೆ ಎಷ್ಟು ಸಲ ಚಲನೆಯ ಲೆಕ್ಕ ಅನ್ನೋದು) 60ರಿಂದ 30ಕ್ಕೆ ತಂದೆ, ನಡುಕ ಇನ್ನೂ ಜಾಸ್ತಿ. ಪ್ರತಿ ಫ್ರೇಮಿಗೂ ದೆವ್ವದ ಜಾಗವನ್ನು ರಿಲಯಬಲ್ ಆರ್‌ಪಿಸಿಯಲ್ಲಿ (ತಲುಪುವವರೆಗೂ ಬಿಡದ ನೆಟ್‌ವರ್ಕ್ ಸಂದೇಶ) ಕಳಿಸಿದೆ. ಒಂದು ಪ್ಯಾಕೆಟ್ ಕಳೆದುಹೋದರೆ ಅದರ ಹಿಂದೆ ಬರುವವೆಲ್ಲ ಕಾಯಬೇಕು, ಸುಮ್ನೆ ದಂಡ.

ತಪ್ಪು ನನ್ನ ಕೋಡಿನದೇ. ಬೆನ್ನಟ್ಟುವ ಲೆಕ್ಕ ಎಲ್ಲರ ಕಂಪ್ಯೂಟರಿನಲ್ಲೂ ಓಡುತ್ತಿತ್ತು. ದೆವ್ವವನ್ನು ಕ್ಲೈಂಟ್ ಏರಿಗೆ, ಸರ್ವರ್ ನೀರಿಗೆ ಎಳೆಯುತ್ತಿದ್ದವು.

ಮೊದಲು ರೆಡಿ ಫಂಕ್ಷನ್ನಿನಲ್ಲಿ (ದೆವ್ವ ಆಟಕ್ಕೆ ಬಂದಾಗ ಓಡುವುದು) ‘ಸೆಟ್ ಫಿಸಿಕ್ಸ್ ಪ್ರೊಸೆಸ್’ಗೆ ‘ಈಸ್ ಮಲ್ಟಿಪ್ಲೇಯರ್ ಅಥಾರಿಟಿ’ಯ (ದೆವ್ವದ ಯಜಮಾನಿಕೆ ಈ ಕಂಪ್ಯೂಟರಿನದೇ ಎಂಬ ಪ್ರಶ್ನೆ) ಉತ್ತರ ಕೊಡಿ. ಈಗ ದೆವ್ವದ ಬುದ್ಧಿ ಸರ್ವರಿನಲ್ಲಷ್ಟೇ ಓಡುತ್ತದೆ. ಆಮೇಲೆ ವೇರಿಯಬಲ್‌ಗಳನ್ನು ಎಲ್ಲರಿಗೂ ಹಂಚುವ ಮಲ್ಟಿಪ್ಲೇಯರ್ ಸಿಂಕ್ರನೈಸರಿನಿಂದ ಪೊಸಿಷನ್ ತೆಗೆದು, ‘ನೆಟ್ ಪೊಸಿಷನ್’ ಅಂತ ಬೇರೆ ವೇರಿಯಬಲ್ ಸೇರಿಸಿ. ಮೋಡ್ ಆಲ್ವೇಸ್, ರೆಪ್ಲಿಕೇಷನ್ ಇಂಟರ್ವಲ್ (ಎಷ್ಟು ಹೊತ್ತಿಗೊಮ್ಮೆ ಹಂಚಬೇಕು ಅನ್ನೋದು) 0.05 ಸೆಕೆಂಡ್. ಸರ್ವರ್ ಪ್ರತಿ ಟಿಕ್‌ಗೂ ಅದರಲ್ಲಿ ದೆವ್ವದ ಜಾಗ ಬರೆಯಲಿ. ಕ್ಲೈಂಟ್ ತನ್ನ ಪ್ರೊಸೆಸ್ ಫಂಕ್ಷನ್ನಿನಲ್ಲಿ ಅತ್ತ ಲರ್ಪ್ ಮಾಡಲಿ, ಅಂದರೆ ದೆವ್ವವನ್ನು ಸ್ವಲ್ಪ ಸ್ವಲ್ಪವೇ ಸರಿಸಲಿ; ತೂಕ 12 × ಡೆಲ್ಟಾ (ಹಿಂದಿನ ಫ್ರೇಮಿನಿಂದ ಕಳೆದ ಸಮಯ), 1 ದಾಟದಂತೆ. ಅಂತರ 5 ಮೀಟರ್ ಮೀರಿದರೆ ಲರ್ಪ್ ಬೇಡ, ನೇರ ಕೂರಿಸಿ. ಇಲ್ಲದಿದ್ದರೆ ಹೊಸದಾಗಿ ಹುಟ್ಟಿದ ದೆವ್ವ ಮ್ಯಾಪಿನ ನಡುವಿನಿಂದ ಜಾರುಬಂಡೆ ಆಡಿಕೊಂಡು ಬರುತ್ತದೆ.