ಬಿಡಿಸಿ ಓದಿದರೆ ಕೈಗೆಟುಕುವ ಇಂಗ್ಲಿಷ್ ಪದಗಳು

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಗೆ ಕಾಲಿಟ್ಟೊಡನೆ ವಾಣಿಜ್ಯವನ್ನೋ ವಿಜ್ಞಾನವನ್ನೋ ಇಂಗ್ಲಿಷಿನಲ್ಲಿ ಎದುರಿಸಬೇಕಾದ ಮಕ್ಕಳು ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಸಿಗುತ್ತಾರೆ. ಅವರಲ್ಲಿ ಹಲವರು ಅವೆನ್ಯೂ ರಸ್ತೆಯಲ್ಲಿ ದಪ್ಪನೆಯ ನಿಘಂಟೊಂದನ್ನು ಕೊಂಡು, ದಿನಕ್ಕೆ ಹತ್ತು ಪದಗಳಂತೆ ಬಾಯಿಪಾಠ ಮಾಡಲು ತೊಡಗಿ, ‘ಎ’ ಅಕ್ಷರ ಮುಗಿಯುವ ಮೊದಲೇ ಕೈಬಿಡುತ್ತಾರೆ. ಆ ಕ್ರಮದಲ್ಲಿ ಒಂದು ಪದಕ್ಕೂ ಮತ್ತೊಂದಕ್ಕೂ ನಂಟು ಕಾಣಿಸುವುದಿಲ್ಲವಾದ್ದರಿಂದ ನೆನಪಿಗೆ ಆಸರೆಯೇ ಇರುವುದಿಲ್ಲ.

ಆದರೆ ಈ ಮಕ್ಕಳಿಗೆ ಪದ ಬಿಡಿಸುವ ವಿದ್ಯೆ ಹೊಸದೇನೂ ಅಲ್ಲ. ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂಬ ಐದು ಪದಗಳಲ್ಲಿ ‘ಹಾರ’ ಒಂದೇ. ಮುಂದೆ ಕೂತ ಉಪಸರ್ಗ ಬದಲಾದಂತೆ ಅರ್ಥ ಬದಲಾಗುತ್ತದೆ ಎಂಬುದನ್ನು ಅವರು ಕನ್ನಡ ತರಗತಿಯಲ್ಲಿಯೇ ಕಲಿತಿರುತ್ತಾರೆ. ಇಂಗ್ಲಿಷಿನ ‘ಪೋರ್ಟ್’ ಕೂಡ ಹಾಗೆಯೇ. ‘ಹೊರು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಅದು ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್, ಪೋರ್ಟಬಲ್‌ಗಳಲ್ಲಿ ಬೇರೆಬೇರೆ ವೇಷದಲ್ಲಿ ಕಾಣಿಸುತ್ತದೆ. ರೈಲು ನಿಲ್ದಾಣದಲ್ಲಿ ಸಾಮಾನು ಹೊರುವ ಪೋರ್ಟರ್ ಎಂಬ ಹೆಸರಿನಲ್ಲಿಯೂ ಅದೇ ಇದೆ.

ಮೊದಲು ಮಾಡಬೇಕಾದ ಕೆಲಸವೆಂದರೆ, ಈಗಾಗಲೇ ಬಾಯಲ್ಲಿರುವ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಒಟ್ಟುಮಾಡುವುದು. ಪ್ರೀಪೇಯ್ಡ್, ಪೋಸ್ಟ್‌ಪೇಯ್ಡ್, ರೀಚಾರ್ಜ್, ಅಂಡರ್‌ಪಾಸ್, ನಾನ್‌ಸ್ಟಾಪ್, ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಲ್ಲಿ ಕೇಳುವ ಇಂಟರ್‌ಚೇಂಜ್ ಇವೆಲ್ಲ ಉಪಸರ್ಗವುಳ್ಳ ಪದಗಳೇ. ಪಿಯುಸಿ ಎಂಬುದರ ‘ಪಿ’ ಕೂಡ ‘ಮುಂಚಿನ’ ಎಂಬ ಅರ್ಥದ ‘ಪ್ರೀ’. ಒಂದೊಂದು ಉಪಸರ್ಗಕ್ಕೆ ಒಂದೊಂದು ಪುಟ ಮೀಸಲಿಡಿ.

ಎರಡನೆಯದಾಗಿ, ನಾಲ್ಕೇ ನಾಲ್ಕು ಉಪಸರ್ಗಗಳನ್ನು ಚೆನ್ನಾಗಿ ಕಲಿಯಿರಿ: ಅನ್, ರೀ, ಇನ್, ಡಿಸ್. ಶಾಲಾ ಪುಸ್ತಕಗಳ ಇಂಗ್ಲಿಷಿನಲ್ಲಿ ಬರುವ ಉಪಸರ್ಗಸಹಿತ ಪದಗಳ ಪೈಕಿ ಶೇ 58ರಷ್ಟು ಈ ನಾಲ್ಕರಿಂದಲೇ ಆದವು ಎಂದು ಅಮೆರಿಕದಲ್ಲಿ 1989ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಇಪ್ಪತ್ತು ಕಲಿತರೆ ಆ ಪ್ರಮಾಣ ಶೇ 97ಕ್ಕೆ ಏರುತ್ತದೆ. ಆರಂಭದಲ್ಲೇ ನೂರು ಉಪಸರ್ಗಗಳ ಪಟ್ಟಿ ಹಿಡಿದು ಕೂರುವ ಅಗತ್ಯವಿಲ್ಲ.

‘ಅನ್’ ನಮಗೆ ಪರಿಚಿತವೇ. ಅನಾರೋಗ್ಯ, ಅನುಚಿತ, ಅನಗತ್ಯ ಎಂಬಲ್ಲಿ ನಾವು ಬಳಸುವ ಸಂಸ್ಕೃತದ ‘ಅನ್’ ಮತ್ತು ಇಂಗ್ಲಿಷಿನ ‘ಅನ್’ ಒಂದೇ ಮೂಲದಿಂದ ಕವಲೊಡೆದ ದಾಯಾದಿಗಳು. ‘ರೀ’ ಎಂಬುದಕ್ಕೆ ನಮ್ಮ ‘ಮರು’ ಸರಿಹೊಂದುತ್ತದೆ: ರೀವ್ಯಾಲ್ಯುಯೇಷನ್ ಎಂದರೆ ಮರುಮೌಲ್ಯಮಾಪನ, ರೀಪೇಮೆಂಟ್ ಎಂದರೆ ಮರುಪಾವತಿ. ಮೊದಲನೆಯದರಲ್ಲಿ ‘ಇನ್ನೊಮ್ಮೆ’, ಎರಡನೆಯದರಲ್ಲಿ ‘ಹಿಂದಕ್ಕೆ’ ಎಂಬ ಅರ್ಥಗಳಿದ್ದು, ‘ಮರು’ ಎರಡನ್ನೂ ಹೊರುತ್ತದೆ. ‘ಇನ್’ ಮಾತ್ರ ಮುಂದಿನ ಅಕ್ಷರವನ್ನು ನೋಡಿ ರೂಪ ಬದಲಿಸುತ್ತದೆ. ಪಿ, ಬಿ, ಎಂ ಅಕ್ಷರಗಳ ಮುಂದೆ ‘ಇಮ್’ ಆಗಿ ಇಂಪಾಸಿಬಲ್. ಎಲ್ ಮುಂದೆ ‘ಇಲ್’ ಆಗಿ ಇಲ್ಲೀಗಲ್. ಆರ್ ಮುಂದೆ ‘ಇರ್’ ಆಗಿ ಇರ್ರೆಗ್ಯುಲರ್. ಸಂಧಿ ಕಲಿತವರಿಗೆ ಇದು ಕಷ್ಟವಾಗಬಾರದು. ‘ಡಿಸ್’ ಮತ್ತು ‘ಅನ್’ ಒಂದೇ ಎಂದು ಭಾವಿಸಬೇಡಿ: ಅನ್‌ಇಂಟರೆಸ್ಟೆಡ್ ಎಂದರೆ ಆಸಕ್ತಿಯಿಲ್ಲದವರು, ಡಿಸ್‌ಇಂಟರೆಸ್ಟೆಡ್ ಎಂದರೆ ಸ್ವಹಿತವಿಲ್ಲದ ನಿಷ್ಪಕ್ಷಪಾತಿಗಳು. ನ್ಯಾಯಾಧೀಶರು ಎರಡನೆಯ ಬಗೆಯವರಾಗಿರಬೇಕು.

ಮೂರನೆಯದು ಪದದ ಬಾಲದಲ್ಲಿ ಕೂರುವ ಪ್ರತ್ಯಯ. ಉಪಸರ್ಗ ಸಾಮಾನ್ಯವಾಗಿ ಅರ್ಥವನ್ನು ತಿರುಗಿಸಿದರೆ, ಪ್ರತ್ಯಯವು ಪದ ನಾಮಪದವೋ ಕ್ರಿಯಾಪದವೋ ಗುಣವಾಚಕವೋ ಎಂಬುದನ್ನು ತಿಳಿಸುತ್ತದೆ. ಲೇಜಿ–ಲೇಜಿನೆಸ್ ಜೋಡಿಯನ್ನು ಸೋಮಾರಿ–ಸೋಮಾರಿತನದ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಬಳೆಗಾರ, ಮಾಲೆಗಾರರ ‘ಗಾರ’ ಮಾಡುವ ಕೆಲಸವನ್ನೇ ಡ್ರೈವರ್, ಕಂಡಕ್ಟರ್ ಪದಗಳ ಕೊನೆ ಮಾಡುತ್ತದೆ. ‘ಲೆಸ್’ ಎಂದರೆ ಇಲ್ಲದ್ದು, ‘ಫುಲ್’ ಎಂದರೆ ತುಂಬಿದ್ದು, ‘ಏಬಲ್’ ಎಂದರೆ ಆಗಬಲ್ಲದ್ದು.

ಪ್ರತ್ಯಯ ಸೇರುವಾಗ ಕಾಗುಣಿತ ಬದಲಾಗುವುದನ್ನೂ ನಮ್ಮ ವ್ಯಾಕರಣದ ಕಣ್ಣಿನಿಂದಲೇ ನೋಡಬಹುದು. ‘ಯೂಸ್’ಗೆ ‘ಏಬಲ್’ ಸೇರಿದಾಗ ನಡುವಿನ ‘ಇ’ ಬಿಟ್ಟುಹೋಗುವುದು ಊರು, ಅಲ್ಲಿ ಸೇರಿ ಊರಲ್ಲಿ ಆಗುವ ಲೋಪದಂತೆ. ‘ಹ್ಯಾಪಿ’ಯ ‘ವೈ’ ಹ್ಯಾಪಿನೆಸ್‌ನಲ್ಲಿ ‘ಐ’ ಆಗುವುದು ಮಳೆ, ಕಾಲ ಸೇರಿ ಮಳೆಗಾಲವಾಗುವ ಆದೇಶದಂತೆ. ಉಪಸರ್ಗ ಸೇರುವಾಗ ಮಾತ್ರ ಮೂಲಪದದ ಅಕ್ಷರಗಳನ್ನು ಮುಟ್ಟಬಾರದು. ಆದ್ದರಿಂದಲೇ ಮಿಸ್‌ಸ್ಪೆಲ್ ಎಂಬಲ್ಲಿ ಎರಡು ‘ಎಸ್’, ಅನ್‌ನೆಸೆಸರಿ ಎಂಬಲ್ಲಿ ಎರಡು ‘ಎನ್’ ಉಳಿಯುತ್ತವೆ.

ಇಷ್ಟಾದ ಮೇಲೆ ಉದ್ದನೆಯ ಪದವೊಂದನ್ನು ಬಿಡಿಸಬಹುದು. ನಮ್ಮ ಬೀದಿಯ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯ ಆಸ್ಪತ್ರೆ ಖರ್ಚಿನ ಅರ್ಜಿ ಹಿಡಿದುಕೊಂಡು ಬಂದು, “ಸರ್, ಈ ಪದ ಓದೋಕೇ ಬರ್ತಿಲ್ಲ” ಎಂದಳು. ಪದ ‘ರೀಇಂಬರ್ಸ್‌ಮೆಂಟ್’. ಪೆನ್ಸಿಲಿನಿಂದ ಮೂರು ಗೆರೆ ಎಳೆಯಲು ಹೇಳಿದೆ. ಕೊನೆಯ ‘ಮೆಂಟ್’ ಕಂಡೊಡನೆ ಅದು ನಾಮಪದವೆಂದು ಅವಳೇ ಗುರುತಿಸಿದಳು. ಮುಂದಿನ ‘ರೀ’ ಎಂದರೆ ಹಿಂದಕ್ಕೆ. ಉಳಿದ ‘ಇಮ್’ ಇಲ್ಲಿ ‘ಅಲ್ಲ’ ಎಂಬ ಅರ್ಥದ್ದಲ್ಲ. ‘ಒಳಗೆ’ ಎಂಬ ಅರ್ಥದ ಇನ್ನೊಂದು ‘ಇನ್’, ಬಿ ಅಕ್ಷರದ ಮುಂದೆ ರೂಪ ಬದಲಿಸಿದೆ. ‘ಬರ್ಸ್’ ಎಂದರೆ ಹಣದ ಚೀಲ. ನಮ್ಮ ಜೇಬಿನ ಪರ್ಸ್ ಅದರ ನೆಂಟ. ಖರ್ಚಾದ ಹಣವನ್ನು ಮರಳಿ ಚೀಲದೊಳಕ್ಕೆ ಹಾಕುವುದು. “ಹಾಗಾದ್ರೆ ವೆಚ್ಚದ ಮರುಪಾವತಿ ಅಂತಲ್ವಾ ಸರ್?” ಎಂದು ಅವಳು ಅರ್ಜಿಯ ಮೇಲೆಯೇ ಬರೆದುಕೊಂಡಳು.

ಬಿಡಿಸಿ ಊಹಿಸಿದ ಅರ್ಥವನ್ನು ವಾಕ್ಯದಲ್ಲಿಟ್ಟು ನೋಡಿ, ಬಳಿಕ ನಿಘಂಟಿನಲ್ಲಿ ತಾಳೆ ನೋಡುವುದು ಕೊನೆಯ ಹಂತ; ಇದನ್ನು ಬಿಡಲೇಬಾರದು. ಅಂಕಲ್ ಎಂಬಲ್ಲಿರುವುದು ‘ಅನ್’ ಅಲ್ಲ, ರೀಚ್ ಎಂಬಲ್ಲಿರುವುದು ‘ಮರು’ ಎಂಬ ‘ರೀ’ ಅಲ್ಲ. ಮುಂದಿನ ತುಂಡನ್ನು ತೆಗೆದಾಗ ಉಳಿದದ್ದಕ್ಕೆ ಅರ್ಥವಿದೆಯೇ ಎಂದು ಕೇಳಿಕೊಂಡರೆ ಇಂಥ ಹೆಚ್ಚಿನ ತಪ್ಪುಗಳು ತಪ್ಪುತ್ತವೆ. ಇನ್‌ವ್ಯಾಲ್ಯುಯಬಲ್ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದಷ್ಟು ಅಮೂಲ್ಯವಾದದ್ದು.

ನೋಟ್‌ಬುಕ್ಕಿನ ಕೊನೆಯ ನಾಲ್ಕು ಪುಟಗಳನ್ನು ಹೀಗೆ ಊಹೆ ತಪ್ಪಿದ ಪದಗಳಿಗೆಂದೇ ಬಿಟ್ಟಿರಿ, ಪ್ರತಿಯೊಂದನ್ನೂ ನಿಮ್ಮದೇ ವಾಕ್ಯದಲ್ಲಿ ಬಳಸಿ ಬರೆಯಿರಿ. ಆ ವಿದ್ಯಾರ್ಥಿನಿಯ ಪುಸ್ತಕದಲ್ಲಿ ಅಲ್ಲಿರುವ ಮೊದಲ ಪದ, ಹೊರ ವರ್ತುಲ ರಸ್ತೆಯಲ್ಲಿ ಪೆಟ್ರೋಲ್ ಟ್ಯಾಂಕರಿನ ಹಿಂಬದಿಯಲ್ಲಿ ಅವಳು ಓದಿದ ‘ಇನ್‌ಫ್ಲೇಮಬಲ್’. ‘ಇನ್’ ಇರುವುದರಿಂದ ಬೆಂಕಿ ಹತ್ತದು ಎಂದು ಮೊದಲು ಬರೆದುಕೊಂಡಿದ್ದವಳು, ನಿಘಂಟು ನೋಡಿದ ಮೇಲೆ ಅದನ್ನು ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ ‘ಬೇಗ ಹೊತ್ತಿಕೊಳ್ಳುತ್ತದೆ’ ಎಂದು ತಿದ್ದಿದ್ದಾಳೆ.